ತೆಲಸಂಗಕ್ಕೆ ಹೊರಟ ತಾಡಪತ್ರಿ

ನಿಪ್ಪಾಣಿ ಬಸ್ ನಿಲ್ದಾಣದಿಂದ ಹೊರಟ ನಮ್ಮ ಮೂವರಲ್ಲಿ ರೊಕ್ಕ ಕೊಟ್ಟು ಪ್ರಯಾಣ ಮಾಡಿದ್ದು ತಾಡಪತ್ರಿ ಒಂದೇ. ನಾನು ಮತ್ತು ಶೋಭಕ್ಕ ಹೆಂಗಸರು, ಆದ್ದರಿಂದ ಪುಕ್ಕಟೆ. ಹಿಂದಿನ ಸೀಟಿನ ಪಕ್ಕ ನಿಲ್ಲಿಸಿದ್ದ ದಪ್ಪ ನೀಲಿ ಟಾರ್ಪಾಲಿನ ಸುರುಳಿಗೆ ಮಾತ್ರ ಕಂಡಕ್ಟರ್ ಲಗೇಜ್ ಚೀಟಿ ಹರಿದ.

“ಮಳಿ ಬರದಿದ್ರ ಇದನ್ನೇನ್ ಮಾಡ್ತೀರಿ ಅಕ್ಕಾರ?” ಎಂದು ಕೇಳಿದ.

“ನಿಮ್ಮ ಬಸ್ಸಿಗೆ ಹೊಚ್ಚತೇವ್ರಿ, ಮ್ಯಾಲೆ ಬೆಳಕ ಕಾಣಾಕತ್ತೈತಿ,” ಅಂದಳು ಅಕ್ಕ.

ಅಕ್ಕನನ್ನು ನಮ್ಮ ಕರೋಶಿಯಿಂದ ತೆಲಸಂಗಕ್ಕೆ ಕೊಟ್ಟಿದೆ. ಅವರದು ದ್ರಾಕ್ಷಿ ತೋಟ. ಇಷ್ಟು ವರ್ಷ ಹಣ್ಣನ್ನು ತೋಟಕ್ಕೇ ಬಂದ ವ್ಯಾಪಾರಿಗೆ ಕೊಡುತ್ತಿದ್ದರು. ಈ ವರ್ಷ ಅಕ್ಕ ಹಟ ಹಿಡಿದು ಶೆಡ್ ಹಾಕಿಸಿ, ಹಣ್ಣನ್ನು ತಾವೇ ಒಣಗಿಸಿ ಮಣೂಕ ಮಾಡಲು ಕೂತಿದ್ದಳು. ಶೆಡ್ಡಿನ ಮೂರು ಕಡೆ ಪಡದೆ ಇತ್ತು, ಪಡುವಣ ಬದಿ ಬಯಲು. ಮಾರ್ಚ್ ತಿಂಗಳಲ್ಲಿ ಮೋಡದ ಸುದ್ದಿ ಕೇಳಿದೊಡನೆ ಬಲೆಯ ಜಾಳಿಗಳ ಮೇಲೆ ಒಣಗಲು ಹರಡಿದ ಹಣ್ಣನ್ನು ಅತ್ತೆಗೆ ಒಪ್ಪಿಸಿ ತಾಡಪತ್ರಿಗೆಂದು ನಿಪ್ಪಾಣಿಗೆ ಓಡಿ ಬಂದಿದ್ದಳು. ಯಾಕೆಂದರೆ ಅವಳ ಗಂಡನ ಅಣ್ಣ, ಭಾವ ಮಲ್ಲಪ್ಪ ಒಂದು ಮಾತು ಹೇಳಿಬಿಟ್ಟಿದ್ದ: ಈ ಸಲದ ಮಣೂಕ ಕಪ್ಪಾದರೆ ಯುಗಾದಿ ಮುಗಿದ ಮೇಲೆ ಬಳ್ಳಿ ಕಿತ್ತು ಕಬ್ಬು ಹಚ್ಚುವುದು. ಕಾಲುವೆ ನೀರು ಬಂದಿದೆ, ಕಬ್ಬಿಗೆ ಇಷ್ಟು ತಲೆನೋವಿಲ್ಲ.

ನನ್ನ ಕಾರಣ ಬೇರೆ. ಮುಂದಿನ ವಾರ ಚಿಕ್ಕೋಡಿಯ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ. ಬಡ ದೇಶವನ್ನು ಮೇಲೆತ್ತುವುದು ಕೃಷಿಯೇ ಎಂಬುದು ವಿಷಯ, ನಾನು ವಿರುದ್ಧ. ಸುರುಳಿಯ ಒಂದು ತುದಿ ಹಿಡಿಯಲು ಆಳು ಬೇಕೆಂದು ಅಕ್ಕ ಕರೆದಳು. ಸಾಕ್ಷಿ ಕೂಡಿಸಲು ನಾನು ಹೊರಟೆ.

ನಿಪ್ಪಾಣಿಯಲ್ಲಿ ಮೊದಲ ಸಾಕ್ಷಿ ಸಿಕ್ಕಿತು. ಹೊಸ್ತಿಲುಗಳಲ್ಲಿ ಬೀಡಿ ಕಟ್ಟುತ್ತ ಕೂತ ಹೆಂಗಸರು, ನಡುನಡುವೆ ಕೆಮ್ಮು. ಈ ಹೊಗೆಸೊಪ್ಪಿನಿಂದ ಊರು ದೊಡ್ಡದಾಯಿತು ನಿಜ, ಅವರ ಎದೆಯ ಲೆಕ್ಕವನ್ನು ಯಾರು ಬರೆದರು? ಇದನ್ನು ಅಕ್ಕನ ಮುಂದೆ ಇಟ್ಟಾಗ ಅವಳು ಅಲ್ಲಗಳೆಯಲಿಲ್ಲ. “ಅದು ಖರೇ,” ಅಂದಳು. ಈಗಲೂ ಆ ಮಾತನ್ನು ನಾನು ಹಿಂದೆ ತೆಗೆದುಕೊಂಡಿಲ್ಲ.

ಚಿಕ್ಕೋಡಿಯ ದಾರಿಯಲ್ಲಿ ವಾದ ಬಿರುಸಾಯಿತು. ಬೆಳೆದ ದೇಶಗಳಲ್ಲಿ ಹೊಲದಲ್ಲಿ ದುಡಿಯುವವರು ಕಡಿಮೆ, ಆದ್ದರಿಂದ ಬೆಳೆಯಬೇಕಾದ ದೇಶ ತನ್ನ ಜನರನ್ನು ಹೊಲದಿಂದ ಹೊರಗೆ ಕಳಿಸಬೇಕು ಎಂದೆ.

“ಕಳಿಸಿ ಎಲ್ಲಿಗೆ ಹಾಕತಿ?”

“ಕಾರ್ಖಾನಿಗೆ.”

ಬಸ್ಸಿನ ಮುಂದೆ ಹಂಗಾಮಿನ ಕೊನೆಯ ಕಬ್ಬು ಹೇರಿದ ಟ್ರ್ಯಾಕ್ಟರ್, ಎರಡು ಟ್ರೇಲರ್ ಎಳೆಯುತ್ತ, ಹಾಡು ಹಚ್ಚಿಕೊಂಡು ಆರಾಮಾಗಿ ಹೊರಟಿತ್ತು. ನಮ್ಮ ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ ದಾರಿ ಬಿಡಲಿಲ್ಲ.

“ಅದೆಲ್ಲಿಗೆ ಹೊಂಟೈತಿ?” ಅಕ್ಕ ಕೇಳಿದಳು.

“ಕಾರ್ಖಾನಿಗೆ.”

“ಮತ್ತ, ನಿನ್ನ ಇಡೀ ಬಸ್ಸು ಅದರ ಹಿಂದ ಹೊಂಟೈತಿ ನೋಡು ವಕೀಲಬಾಯಿ.”

ಒಂದು ಉದಾಹರಣೆಯಿಂದ ವಾದ ನಿಲ್ಲುವುದಿಲ್ಲ ಎಂದೆ. ಟ್ರ್ಯಾಕ್ಟರ್ ಕೂಡ ನಿಲ್ಲಲಿಲ್ಲ.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಅವ್ವ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ರಾಯಬಾಗದ ಬಸ್ಸಿನಲ್ಲಿ ನಾನು ಒಂದು ಪರೀಕ್ಷೆ ಮಾಡಿದೆ. ಸುತ್ತ ಕೂತವರಿಗೆಲ್ಲ, ನೀವು ರೈತರೇನು ಎಂದು ಕೇಳುತ್ತ ಹೋದೆ. ಒಬ್ಬ ಪಂಪಿನ ಮೋಟಾರಿಗೆ ತಂತಿ ಸುತ್ತುವವನು, ಒಬ್ಬ ಟ್ರೇಲರ್ ವೆಲ್ಡಿಂಗಿನವನು, ಒಬ್ಬ ಹುಡುಗಿ ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುವವಳು. ಯಾರೂ ರೈತರಲ್ಲ. ನೋಡು, ಹಳ್ಳಿಯ ಬಸ್ಸಿನಲ್ಲೇ ಕೃಷಿ ಇಲ್ಲ ಎಂದು ಅಕ್ಕನ ಕಡೆ ತಿರುಗಿದೆ.

“ಕೆನಾಲ್ ಬಂದ್ ಆದ್ರ ಅಂಗಡಿ ತೆರಿತಾರೇನು ಕೇಳು.”

ಮೋಟಾರಿನವನಿಗೆ ಕೇಳಿದೆ. ಅವನು ನಕ್ಕ. “ಅವತ್ತ ನಾನೂ ನಿಮ್ಮಂಗ ಪುಕ್ಕಟೆ ತಿರಗಾಡಾಕ ಸೀರಿ ಉಟ್ಟಕೊಂಡು ಬರತೇನ್ರಿ.”

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆದರೆ ಸಾಕ್ಷಿ ನನ್ನ ಕೈಯಿಂದ ಜಾರಿದ್ದು ಗೊತ್ತಾಯಿತು. ನಾನು ಕೃಷಿಯನ್ನು ಹೊಲದ ಬದುವಿನವರೆಗೆ ಮಾತ್ರ ಅಳೆದಿದ್ದೆ.

ಕುಡಚಿಯಲ್ಲಿ ಕೃಷ್ಣೆ ದಾಟಿ ಕಾಗವಾಡಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಅಲ್ಲಿ ಚಹಾದ ಅಂಗಡಿಯವನು ನಮಗೆ ಕನ್ನಡದಲ್ಲಿ ಬೈದು, ಪಕ್ಕದವನನ್ನು ಮರಾಠಿಯಲ್ಲಿ ನಗಿಸಿ, ಇಬ್ಬರಿಗೂ ಒಂದೇ ಚಹಾ ಕೊಟ್ಟ. ಸುರುಳಿ ದಾರಿಗೆ ಅಡ್ಡವಾಗಿದೆ ಎಂಬುದು ಅವನ ತಕರಾರು. ಅಥಣಿಗೆ ಹೋಗುವ ಮುನ್ನ ನಾವು ಐನಾಪುರದಲ್ಲಿ ಇಳಿಯಬೇಕಿತ್ತು. ಬಾಬುಕಾಕಾ ಎಂಬ ರೈತರಿಗೆ ಕಬ್ಬಿನ ಬೀಜ, ಅಂದರೆ ನೆಡುವ ತುಂಡು, ಕಡಿದಿಡಲು ಹೇಳಿ ಬಾ ಎಂದು ಮಲ್ಲಪ್ಪ ಅಕ್ಕನಿಗೇ ಒಪ್ಪಿಸಿದ್ದ. ಅವಳ ಬಳ್ಳಿ ಕೀಳುವ ಕೆಲಸದ ನಿರೋಪ ಅವಳ ಕೈಯಲ್ಲೇ.

ಬಾಬುಕಾಕಾ ಅಂಗಳದಲ್ಲಿ ಹೊರಸು ಹಾಕಿ ಕೂರಿಸಿ ಮಜ್ಜಿಗೆ ಕೊಟ್ಟರು. “ಬೀಜ ಕಡದು ಇಡಲೇನವ್ವಾ?”

“ಐತವಾರ ಹೇಳತೇನ್ರಿ ಕಾಕಾ.”

“ನಿನ್ನ ಭಾವ ಇವತ್ತ ಅಂದಿದ್ದ.”

“ಅವರು ಅಂದಾರ್ರಿ. ನಾ ಇನ್ನೂ ಅಂದಿಲ್ಲ.”

ಮುದುಕರು ತಾಡಪತ್ರಿಯನ್ನು ನೋಡಿದರು, ಅಕ್ಕನನ್ನು ನೋಡಿದರು, ಮತ್ತೊಂದು ಲೋಟ ಮಜ್ಜಿಗೆ ಸುರಿದರು.

ಆ ರಾತ್ರಿ ಅಥಣಿಯಲ್ಲಿ ಉಳಿದೆವು. ಅಕ್ಕನ ಗಂಡನಿಗೆ ಅಲ್ಲಿ ಆಫೀಸಿನ ಕೆಲಸ. ಅಣ್ಣ ಮತ್ತು ಹೆಂಡತಿಯ ನಡುವೆ ಬಾಯಿ ಹಾಕದಿರುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ. ಬೆಳಿಗ್ಗೆ ತೆಲಸಂಗದ ಬಸ್ಸು ಹೊರಟಂತೆ ಹಸಿರು ತೆಳುವಾಗಿ, ಕಲ್ಲುನೆಲ ಎದ್ದು, ಒಣಗಾಳಿ ಮುಖಕ್ಕೆ ಹೊಡೆಯಿತು. ಹಣ್ಣು ಒಣಗಲು ಬೇಕಾದ್ದು ಇದೇ ಗಾಳಿ. ಆದರೆ ಪಡುವಣದಲ್ಲಿ ಮೋಡ ಕೂತಿತ್ತು.

ನಾವು ಶೆಡ್ ಮುಟ್ಟಿದಾಗ ಅಲ್ಲಿ ಆಗಲೇ ಜನ ಕೂಡಿದ್ದರು. ಹಣ್ಣು ಹರಡಿದ ಶೆಡ್ಡಿಗೆ ಮೋಡ ಬಂದರೆ ಸುತ್ತಲಿನವರು ತಮ್ಮ ಕೆಲಸ ಬಿಟ್ಟು ಬರುವುದು ಅಲ್ಲಿನ ಮುಯ್ಯಿ. ಇವತ್ತು ಇವರಿಗೆ, ನಾಳೆ ಅವರಿಗೆ. ಕೂಲಿಯ ಮಾತಿಲ್ಲ. ಪಕ್ಕದ ತೋಟದವರು, ನಾಕಾರು ಹೆಂಗಸರು, ಶಾಲೆಯಿಂದ ನೇರ ಬಂದ ಒಬ್ಬ ಮಾಸ್ತರರು. ಎಲ್ಲರೂ ಸೇರಿ ತಾಡಪತ್ರಿಯನ್ನು ಪಡುವಣ ಬದಿಗೆ ಏರಿಸಿ, ಮೇಲೆ ಸುತ್ತಿಟ್ಟು, ಹಗ್ಗ ಕೆಳಗಿಳಿಸಿದೆವು. ಉಳಿದ ಮೂರು ಬದಿಯ ಪಡದೆಗಳೂ ಮೇಲೇ ಸುತ್ತಿದ್ದವು; ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು ನಿಂತೆವು. ಒಳಗೆ ಜಾಳಿಯ ಮೇಲೆ ಜಾಳಿ, ಅರ್ಧ ಒಣಗಿದ ಹಸಿರು ಹಣ್ಣು.

“ಇಳಸ್ರಿ ಪಡದಾ,” ಅಂದ ಮಲ್ಲಪ್ಪ.

ಯಾರೂ ಇಳಿಸಲಿಲ್ಲ. ಎಲ್ಲರೂ ಅಕ್ಕನ ಮುಖ ನೋಡಿದರು.

ನನಗೆ ಇದು ತಿಳಿಯಲಿಲ್ಲ. ಮಳೆ ಬರುವುದಾದರೆ ಮುಚ್ಚಬೇಕಲ್ಲ, ಇದರಲ್ಲಿ ವಾದ ಏನಿದೆ? ಬಾಯಿ ತೆರೆದೆ. ಪಕ್ಕದ ಹಗ್ಗ ಹಿಡಿದಿದ್ದ ಮಾಸ್ತರರು ಮೆಲ್ಲಗೆ ಹೇಳಿದರು: “ತಂಗೀ, ಹಗ್ಗ ಹಿಡದವರಿಗೆ ಇಲ್ಲೆ ಮಾತಿಲ್ಲ. ಮೊದಲನೇ ಬುಟ್ಟಿ ಮದ್ದಿನ ನೀರಾಗ ಅದ್ದಿದವರು ಯಾರೋ, ಅವರದ ಮಾತು.” ಒಣಹಾಕುವ ಮೊದಲು ಹಣ್ಣನ್ನು ಆ ನೀರಲ್ಲಿ ಅದ್ದುತ್ತಾರೆ; ಮೊದಲ ಬುಟ್ಟಿ ಅದ್ದಿದವಳು ಅಕ್ಕ. ಬೇಗ ಮುಚ್ಚಿದರೆ ಒಳಗೆ ಸೆಕೆ ಕೂತು ಹಣ್ಣು ಬೆವೆತು ಕಪ್ಪಾಗುತ್ತದೆ, ತಡವಾದರೆ ಮಳೆ ಹೊಡೆದು ಕೊಳೆಯುತ್ತದೆ ಎಂದೂ ಅವರೇ ಹೇಳಿದರು.

“ಶೋಭಾ, ಕೇಳಾಕತ್ತೀ ಇಲ್ಲೋ?” ಮಲ್ಲಪ್ಪನ ದನಿ ಏರಿತು.

“ಕೇಳೇತ್ರಿ ಭಾವಾರ. ಗಾಳಿ ಇನ್ನೂ ಒಳಗ ಆಡಾಕತ್ತೈತಿ. ತಡೀರಿ.”

ಅವನು ಹೋಗಿ, ಯಾರೂ ಹಿಡಿಯದೆ ಉಳಿದಿದ್ದ ಮೂಲೆಯ ಹಗ್ಗವನ್ನು ತಾನೇ ಹಿಡಿದ. ಹಿಡಿದ ಮೇಲೆ ಅವನಿಗೂ ಮಾತಿರಲಿಲ್ಲ.

ಗುಡುಗಿತು. ನೆಲದ ಧೂಳಿನ ವಾಸನೆ ಬಂತು. ಅಕ್ಕ ಕೈ ಹೊರಗೆ ಚಾಚಿ ನಿಂತಿದ್ದಳು, ಮುಂಗೈ ಮೇಲೆ ಹನಿಗಾಗಿ ಕಾಯುತ್ತ. ಚರ್ಚೆಯಲ್ಲಿ ನನಗೆ ಮೌನ ಅಂದರೆ ಸೋಲು. ಅಲ್ಲಿ ಅಷ್ಟು ಜನರ ಮೌನ ಒಬ್ಬಳ ತೀರ್ಮಾನವನ್ನು ಹೊತ್ತು ನಿಂತಿತ್ತು. ಅವಳ ತಂಗಿ ನಾನು ಎಂದು ಎಲ್ಲರಿಗೂ ಗೊತ್ತಿರಲಿ ಅನಿಸಿತು.

“ಬಿಡ್ರಿ,” ಅಂದಳು.

ನಾಲ್ಕೂ ಬದಿ ಒಂದೇ ಏಟಿಗೆ ಇಳಿಯಿತು. ಮಳೆ ನೀಲಿ ತಾಡಪತ್ರಿಗೆ ಬಡಿಯಿತು, ಬಡಿದು ಸ್ವಲ್ಪದರಲ್ಲೇ ಮೂಡಣಕ್ಕೆ ಸರಿಯಿತು. ಕೊನೆಯ ಹನಿ ಬೀಳುವ ಮೊದಲೇ ಅಕ್ಕ ಮತ್ತೆ ಎತ್ತಿಸಿದಳು. ಒಣಗಾಳಿ ಒಳಗೆ ಹೊಕ್ಕಿತು.

ಮರುದಿನ ಬೆಳಿಗ್ಗೆ ಮಲ್ಲಪ್ಪ ಜಾಳಿಯಿಂದ ಜಾಳಿಗೆ ನಡೆದು, ಹಣ್ಣನ್ನು ಬಿಸಿಲಿಗೆ ಹಿಡಿದು ನೋಡಿದ. ಹಸಿರು ಹಸಿರಾಗಿಯೇ ಇತ್ತು. ಒಂದನ್ನು ಬಾಯಿಗೆ ಹಾಕಿಕೊಂಡ.

“ಐನಾಪುರಕ್ಕ ಫೋನ್ ಹಚ್ಚು. ಬೀಜ ಯಾರಿಗರ ಕೊಡಂತ ಹೇಳು,” ಅಂದ.

“ನೀವ ಹೇಳ್ರಿ ಭಾವಾರ. ಅಂದವರು ನೀವು.”

ಅವನು ಫೋನ್ ಹಿಡಿದು ತೋಟದ ಆ ತುದಿಗೆ ಹೋದ.

ಸ್ಪರ್ಧೆಯಲ್ಲಿ ನಾನು ವಿರುದ್ಧವಾಗಿಯೇ ಮಾತಾಡಬೇಕು, ಹೆಸರು ಕೊಟ್ಟಾಗಿದೆ. ನಿಪ್ಪಾಣಿಯ ಕೆಮ್ಮನ್ನು ಬಿಡದೆ ಹೇಳುತ್ತೇನೆ. ಎದುರು ಪಕ್ಷದವರಿಗೆ ತೆಲಸಂಗದ ಶೆಡ್ಡಿನ ಸುದ್ದಿ ಗೊತ್ತಿಲ್ಲ. ಗೊತ್ತಿದ್ದರೆ ನಾನು ಸೋಲುತ್ತೇನೆ, ಆ ಸೋಲಿಗೆ ನನ್ನ ತಕರಾರಿಲ್ಲ.

ಅಥಣಿಯ ಬಸ್ಸು ಊರು ಬಿಟ್ಟು ತಿರುವಿಗೆ ಬಂದಾಗ ಕಿಟಕಿಯಿಂದ ಶೆಡ್ ಕಂಡಿತು. ಪಡುವಣ ಬದಿಗೆ ನಿಚ್ಚಣಿಕೆ ಹಾಕಿ ಮಲ್ಲಪ್ಪ ಮೇಲೆ ಹತ್ತಿದ್ದ. ತಾಡಪತ್ರಿಯ ಹಗ್ಗ ಬಿಚ್ಚಿ, ಕಂಬಕ್ಕೆ ಕಬ್ಬಿಣದ ಬಳೆಗಳನ್ನು ಬಡಿಯುತ್ತಿದ್ದ. ಒಂದು ಹಂಗಾಮಿಗಾದರೆ ಹಗ್ಗವೇ ಸಾಕಿತ್ತು.