ಚಂದವಾಗಿಹೋದ ಹೆಸರು

ಅದು ೨೦೨೩ನೆಯ ಇಸವಿ; ನನಗೆ ಆಗ ಐವತ್ತನಾಲ್ಕು ವರ್ಷ. ಶಾಲೆಯ ಕೆಲಸವನ್ನು ಬಿಟ್ಟು, ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾದ ಮನೆಯಲ್ಲಿದ್ದೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ, ನಿಲಂಗಾಕ್ಕೆ ಕೊಟ್ಟಿದ್ದ ನನ್ನ ಮಗಳು ಉದಗೀರಿನ ಆಸ್ಪತ್ರೆಯೊಂದರಲ್ಲಿ ಹೆಣ್ಣುಮಗುವನ್ನು ಹೆತ್ತಳು. ದಿನ ತುಂಬಿರಲಿಲ್ಲ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಅದಕ್ಕೆ ಮೊದಲು ಅವಳು ಎರಡು ಮಕ್ಕಳನ್ನು ಕಳೆದುಕೊಂಡಿದ್ದಳು. ಆ ಎರಡಕ್ಕೂ ಹುಟ್ಟುವ ಮೊದಲೇ ನಾನು ಹೆಸರು ಆರಿಸಿಟ್ಟಿದ್ದೆ. ಅರ್ಥಶುದ್ಧವಾದ, ಉಚ್ಚಾರಕ್ಕೆ ಹಿತವಾದ ಹೆಸರುಗಳು. ಮೂರನೆಯ ಮಗುವಿನ ಹೆಸರಿನ ಮಾತನ್ನು ಯಾರೂ ನನ್ನೆದುರು ಎತ್ತಲಿಲ್ಲ.

ಹೆಸರು ನನ್ನ ಹೆಂಡತಿಯ ಬಳಿ ಸಿದ್ಧವಾಗಿತ್ತು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ, ಮಕ್ಕಳು ಉಳಿಯದ ತಾಯಿಗೆ ಮತ್ತೊಂದು ಹುಟ್ಟಿದರೆ, ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಅಂಚಿಗೆ ಒಯ್ದು ಇಳಿಸುತ್ತಾರೆ. ಬೇರೆ ಮನೆಯ ಹೆಂಗಸೊಬ್ಬಳು ಅದನ್ನು ಎತ್ತಿಕೊಂಡು, ಒಂದು ಮೊರ ಜೋಳಕ್ಕೆ ಹೆತ್ತ ತಾಯಿಗೇ ಮಾರುತ್ತಾಳೆ. ಆಮೇಲೆ ಯಾರೂ ಆಸೆಪಡದಂಥ ಹೆಸರಿಡುತ್ತಾರೆ. ಯಾರಿಗೂ ಬೇಡವಾದದ್ದರ ಮೇಲೆ ಸಾವು ಕಣ್ಣು ಹಾಕುವುದಿಲ್ಲವೆಂಬುದು ಇದರ ತರ್ಕ. ಹೆಂಡತಿಯ ತವರೂರು ಔರಾದ ಶಹಾಜನಿಯಲ್ಲಿ ಹೀಗೆ ಉಳಿದವರು ಇಬ್ಬರು: ಅವಳ ಅಜ್ಜಿ ಮತ್ತು ಅವಳ ಸ್ವಂತ ತಂಗಿ. ಇಬ್ಬರದೂ ಒಂದೇ ಹೆಸರು. ಅಂಗಳ ಗುಡಿಸಿ ಆಚೆ ಚೆಲ್ಲುವ ಕಸಕ್ಕೆ ಕನ್ನಡದವರೂ ಮರಾಠಿಯವರೂ ಬಳಸುವ ಮಾತು. ಅದನ್ನು ಇಲ್ಲಿ ಬರೆಯಲು ನನಗೆ ಇಂದಿಗೂ ಧೈರ್ಯ ಸಾಲದು.

ನಾನು ಕಲಿಸಿದ ಅಷ್ಟೂ ವರ್ಷಗಳಲ್ಲಿ ಆ ಹೆಸರಿನ ಒಬ್ಬಳೇ ಹುಡುಗಿ ನನ್ನ ತರಗತಿಯಲ್ಲಿದ್ದಳು. ಹಾಜರಿ ಕರೆದಾಗಲೆಲ್ಲ ಹಿಂದಿನ ಸಾಲು ಮುಸಿಮುಸಿ ನಗುತ್ತಿತ್ತು; ಅವಳು ತಲೆಯೆತ್ತದೆ ಉತ್ತರಿಸುತ್ತಿದ್ದಳು.

ಈ ಮಗುವನ್ನು ತಿಪ್ಪೆಗೆ ಒಯ್ಯುವಂತಿರಲಿಲ್ಲ. ಗಾಜಿನಿಂದ ಹೊರಗೆ ತಂದರೆ ಅದರ ಉಸಿರು ನಿಲ್ಲುವ ಭಯವಿತ್ತು. ಆದ್ದರಿಂದ ನನ್ನ ಹೆಂಡತಿಯ ಕೈಯಲ್ಲಿ ಉಳಿದಿದ್ದುದು ಹೆಸರೊಂದೇ. ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆನಾದರೂ, ಅವಳು ಆ ಹೆಸರನ್ನು ಇಡುತ್ತಾಳೆಂಬುದು ಒಳಗೊಳಗೇ ನನಗೊಂದು ಆಸರೆಯಾಗಿತ್ತು.

ಉದಗೀರಿಗೆ ಹೊರಟ ದಿನ ನೇರ ಬಸ್ಸು ಸಿಗದೆ, ಕಾಸಾರಶಿರಸಿಯವರೆಗೆ ಕಿಕ್ಕಿರಿದ ಆಟೋದಲ್ಲಿ ಕುಳಿತೆವು. ನಮ್ಮೆದುರು ಒಬ್ಬ ಎಳೆಯ ತಾಯಿ. ಮಡಿಲಲ್ಲಿ ಬಿಳಿ ಬೂಟು ತೊಟ್ಟ, ಮೂರು ವರ್ಷದ ಹುಡುಗಿ. ಹುಡುಗಿ ಹೊರಗೆ ಬಾಗಿದಾಗ ತಾಯಿ ಅವಳನ್ನು ಹೆಸರು ಹಿಡಿದು ಗದರಿದಳು. ಅದೇ ಹೆಸರು. ನನ್ನ ಹೆಂಡತಿ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಯಾಕೆ ಇಂಥ ಹೆಸರು ಎಂದು ಮೆಲ್ಲಗೆ ಕೇಳಿದಳು. ಆ ತಾಯಿಗೆ ನಗು ಬಂತು. ಕಸದ ಕುಪ್ಪೆಯಲ್ಲಿ ಸಿಕ್ಕ, ಅದೇ ಹೆಸರಿನ ಹುಡುಗಿಯೊಬ್ಬಳ ಕತೆ ಮರಾಠಿ ಸೀರಿಯಲ್ಲಿನಲ್ಲಿ ಬಂದಿತ್ತಂತೆ. ಆ ಹುಡುಗಿಗಾಗಿ ಅಳದ ಮನೆಯೇ ಇರಲಿಲ್ಲವಂತೆ. ದಾಳಿಂಬವೆಂಬ ಹಳ್ಳಿಯ ಅಂಗನವಾಡಿಯಲ್ಲಿಯೂ ಈಗ ಹಲವು ಹುಡುಗಿಯರಿಗೆ ಅದೇ ಹೆಸರಂತೆ.

"ನಮ್ಮ ಗಲ್ಲ್ಯಾಗ ಊಟಕ್ಕ ಕರಿಯಾದೇ ಕಠಿಣ ಆಗ್ಯಾದ ನೋಡ್ರಿ ಕಾಕೂ," ಎಂದಳು. "ಒಬ್ಬಾಕಿನ್ನ ಕರದ್ರ ನಾಲ್ಕ ಪೋರಿಗೋಳು ತಾಟಿನ ಮುಂದ ಬಂದು ಕೂಡ್ತಾವ."

ಆಟೋದಲ್ಲಿದ್ದವರೆಲ್ಲ ನಕ್ಕರು. ಕಾಸಾರಶಿರಸಿಯಲ್ಲಿ ಇಳಿದಾಗ ನನ್ನ ಹೆಂಡತಿ, ಮುಂದಿನ ದಾರಿಗೆ ಹಿಡಿಯಬೇಕಾಗಿದ್ದ ನಿಲಂಗಾದ ಬಸ್ಸಿನ ಕಡೆಗೆ ಹೆಜ್ಜೆಯಿಡದೆ ನಿಂತುಬಿಟ್ಟಳು.

"ಆ ಹೆಸರ ಇನ್ನ ನಡಿಯಲ್ರೀ," ಎಂದಳು. "ಚಂದ ಆಗಿಹೋಗ್ಯಾದ."

ಪದದ ಅರ್ಥ ಮೊದಲು ಇದ್ದುದೇ ಇದೆ, ಅದೇನೂ ಬದಲಾಗಿಲ್ಲ ಎಂದು ನಾನು ವಾದಿಸಿದೆ.

"ಅರ್ಥ ಯಾರ ನೋಡ್ತಾರ? ಎಲ್ಲಾರಿಗೂ ಬೇಕಾಗ್ಯಾದ ಅಲ್ಲ?"

ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ. ಅಲ್ಲಿಂದ ಮುಂದೆ ಭಯ ನನ್ನದೂ ಆಯಿತು. ದಾರಿಯಲ್ಲಿ ಅಳಿಯನಿಂದ ಫೋನು ಬಂತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆಂದು ನೂರಾರು ಮಕ್ಕಳಿಗೆ ಕಲಿಸಿದವನು ನಾನು; ಆ ಕೊನೆಯವರೆಗೆ ಕಾಯುವುದು ಎಷ್ಟು ಭೀಕರವೆಂಬುದು ಅಂದು ತಿಳಿಯಿತು. ಕೂಸು, ಮುಂಜಾನೆ, ಡಾಕ್ಟರು ಬಂದಾಗ, ಎಂದು ಅವನು ಒಂದೊಂದೇ ಪದ ಹೇಳುತ್ತಿದ್ದರೆ, ವಾಕ್ಯ ಮುಗಿಯದೇ ಇರಲಿ ಎನಿಸುತ್ತಿತ್ತು. ಕಣ್ಣು ತೆರೆದಿತ್ತು ಎಂದು ಮುಗಿಸಿದ.

ಆಸ್ಪತ್ರೆಯಲ್ಲಿ ಮಗುವಿನ ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ತಾಯಿಯ ಹೆಸರು ಮಾತ್ರ ಇತ್ತು. ಹೊರಗಿನ ಬೆಂಚಿನ ಮೇಲೆ ಕುಳಿತು ನಾವಿಬ್ಬರೂ ಬೇರೆ ಹೆಸರು ಹುಡುಕತೊಡಗಿದೆವು. ಸಮಾನಾರ್ಥಕ ಪದಗಳ ಪಾಠಕ್ಕೆ ಹೆಸರಾಗಿದ್ದ ನಾನು, ಹೊಟ್ಟು, ಬೂದಿ, ಸೌದೆಯ ಸಿಬಿರು, ಮುರಿದ ಗಡಿಗೆ ಎಂದು ಒಂದೊಂದನ್ನೇ ನೆನಪು ಮಾಡಿಕೊಟ್ಟೆ. ಅವಳು ಒಂದನ್ನೂ ಒಪ್ಪಲಿಲ್ಲ. ಯಾವುದರಿಂದಲೂ ಯಾರೂ ಉಳಿದ ಉದಾಹರಣೆ ಇರಲಿಲ್ಲ. ಅಂದು ಮಧ್ಯಾಹ್ನವೇ ಮಗುವಿನ ಉಸಿರು ಒಮ್ಮೆ ನಿಂತಿತು. ನರ್ಸು ಅಂಗಾಲನ್ನು ಬೆರಳಿನಿಂದ ತಟ್ಟಿ ತಟ್ಟಿ ಅದನ್ನು ಮತ್ತೆ ನಡೆಸಿದಳು. ಗಾಜಿನಾಚೆಯಿಂದ ನಾವು ನೋಡುತ್ತ ನಿಂತಿದ್ದೆವು. 

ಆಟೋದ ಸಂಗತಿಯನ್ನು ಹೆಂಡತಿ ಮಗಳಿಗೆ ಹೇಳಿ ಅತ್ತಳು. ಮಗಳು ಗೋಡೆಗೆ ಒರಗಿ, ಪೂರ್ತಿ ಕೇಳಿಸಿಕೊಂಡಳು. ಆ ನಾಲ್ಕು ಹುಡುಗಿಯರೂ ಗಟ್ಟಿಮುಟ್ಟಾಗಿದ್ದಾರೆಯೇ ಎಂದು ವಿಚಾರಿಸಿದಳು. ಆಮೇಲೆ ಅದೇ ಹೆಸರಿಡಲು ಹೇಳಿದಳು.

"ಹುಚ್ಚಿ, ಅದು ಈಗ ಊರ ಮಂದಿ ಬಾಯಾಗ ಅದ," ಎಂದಳು ನನ್ನ ಹೆಂಡತಿ.

"ಅದಕ್ಕೇ ಇಡವ್ವಾ. ಅದು ಬಾಗಲಾಗ ಬಂದು ನಿಂತು ಹೆಸರ ಹಿಡದು ಕರೀಲಿ. ಉಮರ್ಗಾದಿಂದ ಉದಗೀರ ತನಕ ಎಷ್ಟ ಪೋರಿಗೋಳು ಓ ಅಂತಾವ. ಅದ್ರಾಗ ನನ್ನಾಕಿ ಯಾರಂತ ಅದಕ್ಕ ಹ್ಯಾಂಗ ಗೊತ್ತಾಗ್ತದ?"

ಯಾವುದು ಬಂದು ನಿಲ್ಲುತ್ತದೆ ಎಂದು ನಾವಿಬ್ಬರೂ ಕೇಳಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು, ಹೆಸರಿಡುವುದಕ್ಕೆ ಅಳಿಯನ ಅಕ್ಕನನ್ನು ಕರೆಸಲು ಹೇಳಿದಳು. ನನ್ನ ಕಣ್ಣ ಮುಂದೆ ಮಾತ್ರ ಆ ಬಿಳಿ ಬೂಟಿನ ಹುಡುಗಿ ಬಂದಳು. ಕರೆಯಲು ಬಂದದ್ದು ಬರಿಗೈಯಲ್ಲಿ ಹೋಗುವುದಿಲ್ಲವಾದರೆ, ಅದು ಯಾರ ಕೈ ಹಿಡಿದೀತು? ಬಾಯಿ ತೆರೆದರೆ ಮಗಳು ಕಂಡುಕೊಂಡ ದಾರಿ ಮುಚ್ಚಿಹೋಗುತ್ತಿತ್ತು. ಆಗಲಿ ಎಂದು ತಲೆಯಾಡಿಸಿದೆ.

ತೊಟ್ಟಿಲು, ಹಾಡು ಯಾವುದೂ ಇರಲಿಲ್ಲ. ನರ್ಸು ಒಬ್ಬರನ್ನು ಮಾತ್ರ ಕೈ ತೊಳೆಸಿ ಒಳಗೆ ಬಿಟ್ಟಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅಳಿಯನ ಅಕ್ಕ ಪೆಟ್ಟಿಗೆಯ ಮಗ್ಗುಲಿನ ದುಂಡನೆಯ ಕಿಂಡಿಗೆ ಬಾಗಿ, ಪದ್ಧತಿಯಂತೆ ಮೊದಲು 'ಕುರ್ರ್' ಎಂದು, ಆಮೇಲೆ ಹೆಸರನ್ನು ಹೇಳಿದಳು. ಹೊರಗಿದ್ದ ನಮಗೆ ಅವಳ ತುಟಿಗಳ ಅಲುಗಾಟ ಮಾತ್ರ ಕಂಡಿತು.

ಮಗು ಉಳಿಯಿತು. ಈಗ ನಿಲಂಗಾದ ಅಂಗನವಾಡಿಗೆ ಹೋಗುತ್ತದೆ. ಹೆಸರು ಕರೆದರೆ ಅದರ ಜೊತೆಗೆ ಇನ್ನಿಬ್ಬರು ಎದ್ದು ನಿಲ್ಲುತ್ತಾರೆ. ಆ ಹೆಸರಿನ ಕೂಸೊಂದಕ್ಕೆ ಜ್ವರವೆಂದು ಬಸ್ ನಿಲ್ದಾಣದಲ್ಲಿ ಯಾರಾದರೂ ಹೇಳಿದರೆ, ನಾನು ಮೊದಲು ಕೇಳುವುದು ಯಾವ ಊರು ಎಂದು. ನಿಲಂಗಾ ಅಲ್ಲವೆಂದು ತಿಳಿದಾಗ ಉಸಿರು ಸಡಿಲಾಗುತ್ತದೆ. ಆದರೆ ಹೇಳಿದವರ ಮುಖ ನೋಡಲು ಆಗುವುದಿಲ್ಲ. ಭಯ ಮುಗಿದಿಲ್ಲ. ಹೆಸರಿನ ವಿಷಯ ಮಾತ್ರ ಇತ್ಯರ್ಥವಾಯಿತು: ಶ್ರಾವಣದ ಎರಡನೆಯ ಸೋಮವಾರ, ೨೦೨೩ರ ಆಗಸ್ಟ್ ೨೮ರಂದು.