ಮಧ್ಯಾಹ್ನವಾಗಲೆಂದು ಕಾದ ಮಗು

ಕೊರೋನಾ ಕಳೆದು ಮಕ್ಕಳು ಮತ್ತೆ ಒಟ್ಟಿಗೆ ಕೂತು ಉಣ್ಣತೊಡಗಿದ ವರ್ಷ. ನಾನು ಕನ್ನಡ, ಮಲಯಾಳ ಎರಡೂ ನಡೆಯುವ ಗಡಿನಾಡಿನ ಮಂಗಲ್ಪಾಡಿ ಪಂಚಾಯತಿನ ಒಂದು ಅಂಗನವಾಡಿಯಲ್ಲಿ ವರ್ಕರ್ ಆಗಿದ್ದೆ. ವರ್ಕರ್ ಎನ್ನುವುದು ಸರಕಾರದ ಕಾಗದದಲ್ಲಿ; ಮಕ್ಕಳಿಗೆ ನಾನು ಸುಮಿತ್ರಾ ಟೀಚರ್. ನಿವೃತ್ತಿಗೆ ಎರಡೇ ವರ್ಷ ಬಾಕಿ ಇತ್ತು. ಅಷ್ಟರೊಳಗೆ ನೂರಾರು ಮಕ್ಕಳಿಗೆ ಚಡ್ಡಿ ಜಾರಿಸಲು, ಕೂರಲು, ತೊಳೆದುಕೊಳ್ಳಲು ಕಲಿಸಿದ್ದೆ. ಆದರೆ ಸೇಡು ತೀರಿಸಿಕೊಳ್ಳಲೇಬೇಕೆಂದು ಹಲ್ಲು ಕಚ್ಚಿ ಕಲಿಸಿದ್ದು ಒಂದೇ ಮಗುವಿಗೆ.

ಮಗುವಿನ ಹೆಸರು ಚಿನ್ಮಯಿ. ಮೂರು ವರ್ಷ ಎರಡು ತಿಂಗಳು, ಮನೆಮಾತು ಕನ್ನಡ. ಟೈಲರಿಂಗ್ ಮಾಡುವ ತಾಯಿ ಶ್ವೇತಾ ಆಸೆಪಟ್ಟು ಹೊಸಂಗಡಿ ಕಡೆಯ ಒಂದು ಇಂಗ್ಲಿಷ್ ನರ್ಸರಿಗೆ ಸೇರಿಸಿದ್ದಳು. ಮೂರನೆಯ ವಾರ ಒದ್ದೆ ಯೂನಿಫಾರ್ಮಿನ ಜೊತೆ ಚೀಟಿಯೊಂದು ಮನೆಗೆ ಬಂತು: ಮಗುವಿಗೆ ಟಾಯ್ಲೆಟ್ ಟ್ರೈನಿಂಗ್ ಆಗಿಲ್ಲ, ಆದ ಮೇಲೆ ಕಳುಹಿಸಿ. ಕೇಳಲು ಹೋದ ಶ್ವೇತಾಳಿಗೆ ನರ್ಸರಿ ನಡೆಸುವ ಮೇಡಂ ಉಳಿದ ತಾಯಂದಿರ ಎದುರಿಗೇ, "ಇಂಥ ಮಕ್ಕಳಿಗೆ ಅಂಗನವಾಡಿ ಉಂಟಲ್ಲ? ಅಲ್ಲಿ ಎಂತ ಮಾಡಿದ್ರೂ ನಡೀತದೆ" ಎಂದರಂತೆ.

ಶ್ವೇತಾ ಇದನ್ನು ಅಳುತ್ತಾ ಹೇಳಿದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಹಿಂದಿನ ವರ್ಷ ಇದೇ ಮೇಡಂ ನಮ್ಮದನ್ನು ಗಂಜಿ ಶಾಲೆ ಎಂದು ಹೀಯಾಳಿಸಿ ನನ್ನ ಐದು ಮಕ್ಕಳನ್ನು ಎಳೆದುಕೊಂಡಿದ್ದರು. ಈ ಮಗುವನ್ನು ಸರಿ ಮಾಡಿ ಅವರ ಮುಖಕ್ಕೆ ಹಿಡಿಯದಿದ್ದರೆ ನಾನು ಸುಮಿತ್ರಾ ಅಲ್ಲ ಎಂದುಕೊಂಡೆ.

ಆದರೆ ಚಿನ್ಮಯಿ ನಮ್ಮಲ್ಲಿ ಚಡ್ಡಿ ಒದ್ದೆ ಮಾಡಲೇ ಇಲ್ಲ. ತೊಂದರೆ ಬೇರೆಯೇ ಇತ್ತು. ಕಾಲಿಗೆ ಕಾಲು ಹೆಣೆದು ಕೂರುವಳು. ನೀರು ಕೊಟ್ಟರೆ ತುಟಿ ಬಿಗಿಯುವಳು. ಆಗಾಗ ಗೋಡೆಯ ಗಡಿಯಾರ ನೋಡುವಳು. ಕೈಹಿಡಿದು ಕರೆದುಕೊಂಡು ಹೋದರೂ ಶೌಚಾಲಯದ ಬಾಗಿಲಲ್ಲಿ ನಿಂತು, "ಆಗ್ಲಿಲ್ಲ, ಆಗ್ಲಿಲ್ಲ" ಎಂದು ತಲೆಯಾಡಿಸುವಳು. ಒಂದು ವಾರಕ್ಕೆ ಜ್ವರ ಬಂತು. ಮೂತ್ರದ ಸೋಂಕು, ಹೀಗೇ ತಡೆಹಿಡಿದರೆ ಕಿಡ್ನಿಗೆ ತಾಗೀತು ಎಂದು ಡಾಕ್ಟರು ಎಚ್ಚರಿಸಿದರು. ನನಗೆ ಹೆದರಿಕೆಯಾಯಿತು.

ಜ್ವರ ಬಿಟ್ಟು ಮಗು ಮರಳಿದ ದಿನವೇ ನಮ್ಮ ಹೆಲ್ಪರ್ ಲೀಲಾ ರಜೆ ಮುಗಿಸಿ ಬಂದಿದ್ದಳು. ಅವಳದ್ದು ಮಲಯಾಳ. ಅನ್ನ ಬಡಿಸಿಟ್ಟು ಒಳಗಿನಿಂದ, "ಉಚ್ಚಯಾಯಿ, ವಾ ಮಕ್ಕಳೇ" ಎಂದು ಕೂಗಿದಳು. ಚಿನ್ಮಯಿ ಚಂಗನೆ ಎದ್ದು, ಚಡ್ಡಿ ಜಾರಿಸುತ್ತಲೇ ಶೌಚಾಲಯಕ್ಕೆ ಓಡಿದಳು. ತಾನೇ ಕೂತಳು, ತಾನೇ ನೀರು ಹಾಕಿದಳು. ನಾನು ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಮಲಯಾಳದಲ್ಲಿ ಉಚ್ಚ ಎಂದರೆ ಮಧ್ಯಾಹ್ನ; ಮಧ್ಯಾಹ್ನವಾಯಿತು, ಬನ್ನಿ ಎಂದು ಲೀಲಾ ಊಟಕ್ಕೆ ಕರೆದಿದ್ದಳು.

ಮರುದಿನ ಹೊಸಂಗಡಿಯ ಬಸ್‌ಸ್ಟಾಪಿನಲ್ಲಿ ಆ ನರ್ಸರಿಯ ಟೀಚರನ್ನು ತಡೆದು ನಿಲ್ಲಿಸಿದೆ. ತೆಂಕಣ ಜಿಲ್ಲೆಯಿಂದ ಬಂದ ಮಲಯಾಳಿ ಹುಡುಗಿ, ಕನ್ನಡ ಒಂದಕ್ಷರ ಬಾರದು. ಮಗು ದಿನಾ ಹತ್ತಿರ ಬಂದು "ಉಚ್ಚೆ, ಉಚ್ಚೆ" ಎನ್ನುತ್ತಿತ್ತಂತೆ. ನರ್ಸರಿ ಬಿಡುವುದು ಮಧ್ಯಾಹ್ನಕ್ಕೆ. ಪಾಪ, ಮನೆಯ ನೆನಪಾಗಿ ಹೊತ್ತು ಕೇಳುತ್ತಿದೆ ಎಂದು ಅವಳು ತಿಳಿದಿದ್ದಳು. "ಉಚ್ಚಯಾಯಿಲ್ಲ ಮೋಳೇ" ಅಂದರೆ ಮಧ್ಯಾಹ್ನವಾಗಿಲ್ಲ ಮಗಳೇ ಎಂದು ಗಡಿಯಾರ ತೋರಿಸಿ ಮುದ್ದಿನಿಂದಲೇ ಕೂರಿಸುತ್ತಿದ್ದಳು. ಉಚ್ಚೆಗೆ ಇನ್ನೂ ಹೊತ್ತಾಗಿಲ್ಲ ಎಂದೇ ಮಗು ತಿಳಿದುಕೊಂಡಿತ್ತು. ನಾನು ಅರ್ಥ ಬಿಡಿಸಿ ಹೇಳಿದಾಗ ಆ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡು ಅತ್ತಳು.

ಅವಳ ಮೇಲಿನ ಸಿಟ್ಟು ಅಲ್ಲಿಗೇ ಇಳಿಯಿತು. ಅದೂ ಸೇರಿ ಮೇಡಂ ಮೇಲೆ ಏರಿತು. ಅವರು ಇದೇ ಊರಿನ ಕನ್ನಡದವರು. ಒಂದೇ ಒಂದು ದಿನ ಕ್ಲಾಸಿನಲ್ಲಿ ಹತ್ತು ನಿಮಿಷ ಕೂತಿದ್ದರೆ ಮಗು ಏನು ಕೇಳುತ್ತಿದೆ ಎಂದು ತಿಳಿಯುತ್ತಿತ್ತು. ಕೂರಲಿಲ್ಲ, ಚೀಟಿ ಬರೆದರು.

ಮೊದಲು ಗೋಡೆಯ ಗಡಿಯಾರ ಕೆಳಗಿಳಿಸಿದೆ. ಗಂಟೆಗೊಮ್ಮೆ ಅರ್ಧ ಲೋಟ ನೀರು ಕುಡಿಸಿ, "ಈಗ ಹೋಗ್ಲಿಕ್ಕೆ ಆಗ್ತದೆ ಮಗಾ, ಯಾವಾಗ ಬೇಕಾದ್ರೂ ಆಗ್ತದೆ" ಎಂದು ಕರೆದುಕೊಂಡು ಹೋಗುತ್ತಿದ್ದೆ. ಹನ್ನೊಂದನೆಯ ದಿನ ಅವಳೇ ಎದ್ದು, "ಟೀಚರ್, ಉಚ್ಚೆ" ಎಂದಳು. ಆಮೇಲೆ ಯಾವ ಮಗು ಕಾಲು ಹೆಣೆದರೂ ಕೈಹಿಡಿದು ಕರೆದೊಯ್ಯುವ ಕೆಲಸವನ್ನು ತಾನೇ ವಹಿಸಿಕೊಂಡಳು.

ಇನ್ನು ನನ್ನ ಸರದಿ. ತಿಂಗಳ ತಾಯಂದಿರ ಸಭೆಗೆ 'ಮಕ್ಕಳ ಶೌಚ ತರಬೇತಿ' ಎಂಬ ವಿಷಯ ಇಟ್ಟು, ಮಾತಾಡಲು ಮೇಡಂ ಅವರನ್ನೇ ಕರೆದೆ. ರೇಷ್ಮೆ ಸೀರೆ ಉಟ್ಟು ಹತ್ತೂವರೆಗೆ ಬಂದರು. ಬಂದೊಡನೆ ಎಳನೀರಿಗೆಂದು ಒಂದು ಬೊಂಡ ಕೆತ್ತಿಸಿ ಕೊಟ್ಟೆ. ಸೆಕೆ ಎಂದು ಇನ್ನೊಂದು ಬೊಂಡ. ಮೇಲೆ ಚಾ. ದೊಡ್ಡವರ ಶೌಚಾಲಯಕ್ಕೆ ಬೀಗ ಜಡಿದು ಕೀಲಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ. ಸ್ವಾಗತ ಭಾಷಣವನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದೆ.

ಸ್ವಲ್ಪ ಹೊತ್ತಿಗೆ ಮೇಡಂ ಬಗ್ಗಿ ಪಿಸುಗುಟ್ಟಿದರು: "ಟೀಚರ್, ಟಾಯ್ಲೆಟ್ ಎಲ್ಲಿ ಉಂಟು?"

ನಾನು ನಗುತ್ತಾ, "ಉಚ್ಚಯಾಯಿಲ್ಲ ಮೇಡಂ" ಎಂದೆ.

ಟಾಯ್ಲೆಟ್ ಕೇಳಿದರೆ ಮಧ್ಯಾಹ್ನವಾಗಿಲ್ಲ ಎನ್ನುವುದು ಯಾಕೆಂದು ಅವರಿಗೆ ತಲೆಬುಡ ತಿಳಿಯಲಿಲ್ಲ. ಮೈಕ್ ಹಿಡಿದು ನಿಂತರು, ಎರಡು ಮಾತಾಡಿ ಕೂತರು, ಕಾಲಿಗೆ ಕಾಲು ಹೆಣೆದರು. ಹಣೆಯಲ್ಲಿ ಬೆವರು ಮೂಡಿತು. ನನಗೆ ಅದನ್ನು ನೋಡಿ ಹೊಟ್ಟೆ ತಣ್ಣಗಾಯಿತು.

ಆಗ ತಾಯಿಯ ಮಡಿಲಿನಿಂದ ಚಿನ್ಮಯಿ ಎದ್ದಳು. ನೆಟ್ಟಗೆ ಬಂದು ಮೇಡಂ ಅವರ ಬೆರಳು ಹಿಡಿದು, "ಉಚ್ಚೆಯಾ? ಬಾ" ಎಂದಳು. ಅವರು ಎದ್ದು ಅವಳ ಹಿಂದೆ ಹೋದರು. ಮಗು ಕರೆದೊಯ್ದದ್ದು ಮಕ್ಕಳ ಶೌಚಾಲಯಕ್ಕೆ. ಮೊಣಕಾಲೆತ್ತರದ ಕಮೋಡು, ಒಳಗೆ ಚಿಲಕವಿಲ್ಲ. ಚಿನ್ಮಯಿ ಹೊರಗೆ ಬಾಗಿಲು ಒತ್ತಿ ಹಿಡಿದು ಕಾವಲು ನಿಂತಳು. ನಾನು ಕಲಿಸಿದಂತೆಯೇ, "ಆಯ್ತಾ? ನೀರು ಹಾಕು. ಕೈ ತೊಳಿ" ಎಂದು ಅವಳು ಹೇಳಿದ್ದು ಇಡೀ ಸಭೆಗೆ ಕೇಳಿತು.

ಹೊರಗೆ ಬಂದ ಮೇಡಂ ಮಗುವಿನ ತಲೆ ಸವರಿ, "ಎಷ್ಟು ಜಾಣೆ! ಯಾರ ಮಗು ಇದು?" ಎಂದರು.

ಶ್ವೇತಾ ಎದ್ದು ನಿಂತು ಹೇಳಿದಳು: "ನನ್ನದು ಮೇಡಂ. ನೀವು ಟ್ರೈನಿಂಗ್ ಆಗ್ಲಿಲ್ಲ ಅಂತ ವಾಪಸ್ ಕಳಿಸಿದ ಮಗು."

ಮೇಡಂ ಭಾಷಣ ಮುಗಿಸದೆ ಹೋದರು. ಎರಡು ದಿನ ನಾನು ಖುಷಿಯಲ್ಲಿ ತೇಲಾಡಿದೆ. ಆ ಚೀಟಿಯ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಅಂದಿನಿಂದ ಹೊಸ ಮಗು ಸೇರುವಾಗ, ಮನೆಯಲ್ಲಿ ಉಚ್ಚೆಗೆ ಯಾವ ಶಬ್ದ ಎಂದು ಕೇಳಿ ಹೆಸರಿನ ಪಕ್ಕದಲ್ಲೇ ಬರೆದುಕೊಳ್ಳುತ್ತಿದ್ದೆ. ಬೇಕೆಂದು ಕೇಳುವುದನ್ನು ಮಗು ಬೇಗ ಕಲಿಯುತ್ತದೆ, ತರಬೇತಿ ಬೇಕಾದದ್ದು ಕೇಳಿಸಿಕೊಳ್ಳುವವರಿಗೆ. ಇದು ಕೆಲಸ ಕಲಿಸಿದ ಪಾಠ. ಹೇಳಲು ಕಷ್ಟವಾಗುವ ಇನ್ನೊಂದು ಮಾತೂ ಉಂಟು. ಆ ಹುಡುಗಿ ಚಿನ್ಮಯಿಯನ್ನು ಕಾಯಿಸಿದ್ದು ಮಾತು ತಿಳಿಯದೆ. ನಾನು ಮೇಡಂ ಅವರನ್ನು ಕಾಯಿಸಿದ್ದು ಚೆನ್ನಾಗಿ ತಿಳಿದೇ.