ಮುರಿದ ಪಟ್ಟೆಯ ಮೀನುಗಳು

ಸಹೃದಯ ವಾಚಕ ಮಹಾಶಯರೇ, ಸಮುದ್ರವೆಂಬುದು ಕಡಲತೀರದಲ್ಲಿ ಮಾತ್ರವೇ ಇರತಕ್ಕದ್ದೆಂಬ ತಮ್ಮ ನಂಬಿಕೆಯನ್ನು ಚಪ್ಪಲಿಯ ಜೊತೆಗೇ ಹೊಸ್ತಿಲಾಚೆ ಬಿಟ್ಟು, ಈ ಎರಡನೆಯ ಮಹಡಿಯ ಮನೆಯೊಳಗೆ ದಯಮಾಡಿಸಬೇಕು.

ಬೆಳಕಿನ್ನೂ ಕಿಟಕಿಯ ಸರಳು ದಾಟಿಲ್ಲ. ಟೈಲರಮ್ಮ ರವಿಕೆಯ ತೋಳು ಮಡಚಿ, ಹಸಿರು ನೀರಿನ ಬಕೆಟ್ಟಿನಿಂದ ಒಂದು ಲೋಟ ಮೊಗೆದು ಪಕ್ಕದ ಡಬ್ಬಕ್ಕೆ ಸುರಿಯುತ್ತಾರೆ. ಆ ಹಸಿರು ಪಾಚಿಯೇ ಡಬ್ಬದೊಳಗಿನ ಧೂಳಿನಷ್ಟು ಸಣ್ಣ ಜೀವಿಗಳಿಗೆ ಊಟ. ಆ ಜೀವಿಗಳು ಮೊನ್ನೆಯಷ್ಟೇ ಮೊಟ್ಟೆಯೊಡೆದ ಮೀನುಮರಿಗಳಿಗೆ ಊಟ. ಹೊಲಿಗೆ ಯಂತ್ರಕ್ಕೂ ಅಡುಗೆಮನೆಯ ಗೋಡೆಗೂ ನಡುವೆ ಗಾಜಿನ ತೊಟ್ಟಿಗಳ ಸಾಲು. ಅವುಗಳ ಉಪ್ಪುನೀರಿನಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಸುತ್ತಿಕೊಂಡ ಕಡಲ ಮೀನುಗಳು. ಕಡಲನ್ನು ಮಾತ್ರ ಕಂಡವಲ್ಲ.

"ನಾನೂ ಕಂಡಿಲ್ಲ ಬಿಡಿ," ಎನ್ನುತ್ತಾರೆ ಟೈಲರಮ್ಮ, ಬರೆದುಕೊಳ್ಳುತ್ತಿರುವ ನಮ್ಮತ್ತ ತಿರುಗಿ. "ಉಪ್ಪು ಪ್ಯಾಕೆಟ್ಟಲ್ಲಿ ಬರುತ್ತೆ, ನೀರು ನಲ್ಲೀಲಿ ಬರುತ್ತೆ. ಮಿಕ್ಕಿದ್ದೆಲ್ಲ ನನ್ನ ಹಟ."

ಹಟ ಹತ್ತಿಸಿದವನು ಮೀನು ವ್ಯಾಪಾರಿ. ಮೊದಲ ಜೋಡಿಯನ್ನು ಕೊಡುವಾಗಲೇ, ಇವು ಮನೆಯಲ್ಲಿ ಮರಿ ಮಾಡಿದರೂ ಒಂದೂ ಉಳಿಯದೆಂದು ನಕ್ಕಿದ್ದ. ಅವನ ಮಾತು ನಿಜವಾಗುವಂತೆಯೇ ಕಂಡಿತು. ಗಾಜಿನಲ್ಲಿ ಹೊಳೆದ ಬೆಳಕಿಗೆ ಮರುಳಾದ ಮರಿಗಳು ತಲೆ ಚಚ್ಚಿಕೊಂಡು ಸತ್ತವು. ಟೈಲರಮ್ಮ ತೊಟ್ಟಿಗೆ ಅಳತೆ ತೆಗೆದು, ಸುತ್ತಲೂ ಕಪ್ಪು ಬಟ್ಟೆಯ ಅಂಗಿ ಹೊಲಿದರು. ಮರಿಗಳು ಶಾಂತವಾದವು. ಆ ಬಳಿಕ ಅತ್ತೆಯ ಕೈ ಬಿತ್ತು.

"ಪಾಚಿ ಕಟ್ಟಿದ ಬಕೆಟ್ಟು, ಸೊಸೆಗೆ ಪುರುಸೊತ್ತಿಲ್ಲ ಪಾಪ ಅಂತ ತಿಕ್ಕಿ ತೊಳೆದು ಬೋರಲು ಹಾಕಿದೆ," ಎನ್ನುತ್ತಾರೆ ಅತ್ತೆ. "ಮರಿಗಳೆಲ್ಲ ಹಸಿವಿಂದ ಹೋದ್ವು. ಇವಳು ಒಂದು ಮಾತು ಬೈಲಿಲ್ಲ ನೋಡಿ, ಅದೇ ಉರೀತು." ಈಗ ಆ ಬಕೆಟ್ಟಿಗೆ ಅವರೇ ಕಾವಲು. ತಮ್ಮ ಮಗ ಕೈ ತೊಳೆಯಲು ಹತ್ತಿರ ಬಂದರೂ ಗದರುತ್ತಾರೆ.

ಆಮೇಲೆ ಹುಟ್ಟಿದ ಸಂಸಾರ ಉಳಿದಿದೆ, ಬೆಳೆದಿದೆ. ಮೊನ್ನೆ ಹುಟ್ಟಿದ ಮರಿಗಳಿಗೆ ತೊಟ್ಟಿ ತೆರವಾಗಬೇಕು. ಅದಕ್ಕೆಂದೇ ಕರೆಸಿದ ವ್ಯಾಪಾರಿ ಖಾಲಿ ಪೆಟ್ಟಿಗೆ ಹಿಡಿದು ಬಂದಿದ್ದಾನೆ. ತೊಟ್ಟಿಗೆ ಮೂಗು ತಾಗಿಸಿ ನೋಡುತ್ತಾನೆ. ಮನೆಯಲ್ಲಿ ಹುಟ್ಟಿದವುಗಳಲ್ಲಿ ಕೆಲವಕ್ಕೆ ಬಿಳಿ ಪಟ್ಟೆ ಪೂರ್ತಿ ಸುತ್ತುವುದಿಲ್ಲ. ಬೆನ್ನಿನಿಂದ ಇಳಿದು ನಡುವಿನಲ್ಲೇ ನಿಂತುಬಿಡುತ್ತದೆ.

"ಪಟ್ಟೆ ಸರಿ ಇರೋವಷ್ಟೇ ಕೊಡಿ ಅಕ್ಕಾ. ಸಮುದ್ರದ ಮಾಲು ಅಂತ ಹೋಗುತ್ತೆ. ಈ ಅರ್ಧಂಬರ್ಧದವು ಬೇಡ, ಗುಟ್ಟು ರಟ್ಟಾಗುತ್ತೆ."

"ಯಾರ ಗುಟ್ಟು? ಕದ್ದು ತಂದಿದೀನಾ?"

"ವ್ಯಾಪಾರ ಅಕ್ಕಾ, ಅರ್ಥ ಮಾಡ್ಕೊಳ್ಳಿ."

ಟೈಲರಮ್ಮ ಅದಾಗಲೇ ಕಟ್ಟಿಟ್ಟಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಎತ್ತಿಕೊಳ್ಳುತ್ತಾರೆ. ಹೊಲಿಗೆಯ ಕತ್ತರಿಯಿಂದ ಅದರ ಬಾಯಿ ಕತ್ತರಿಸಿ, ಮೀನುಗಳನ್ನು ಮರಳಿ ತೊಟ್ಟಿಗಿಳಿಸುತ್ತಾರೆ. ಆಮೇಲೆ ಇನ್ನೊಂದು. ಮತ್ತೊಂದು.

"ಇವನ್ನೆಲ್ಲ ಇಟ್ಕೊಂಡು ಮುಂದಿನ ಮರಿ ಎಲ್ಲಿ ಬಿಡ್ತೀರಿ?" ವ್ಯಾಪಾರಿಯ ದನಿಯಲ್ಲಿ ನಗೆಯಿಲ್ಲ.

ಉತ್ತರ ಅತ್ತೆಯಿಂದ ಬರುತ್ತದೆ. "ಬಟ್ಟೆ ನೆನೆಸೋ ತೊಟ್ಟಿ ಇದೆಯಪ್ಪಾ. ನಾವು ಕೊಳೆ ಬಟ್ಟೆ ಉಟ್ಕೋತೀವಿ. ನೀನು ಹೊರಡು, ಪೆಟ್ಟಿಗೆ ಭಾರ ಇಲ್ಲ, ಮೆಟ್ಟಿಲು ಸಲೀಸು."

ವ್ಯಾಪಾರಿ ಇಳಿದುಹೋಗುತ್ತಾನೆ. ಟೈಲರಮ್ಮ ಕತ್ತರಿಯನ್ನು ಎರಡು ಸಲ ಒರೆಸಿ ಕೆಳಗಿಡುತ್ತಾರೆ.

"ನನ್ನ ಹೆಸರು ಬೇಡ," ಎನ್ನುತ್ತಾರೆ. "ಯಾವ್ದಾದ್ರೂ ಒಂದಂಗಡೀಲಿ, ಮುರಿದ ಪಟ್ಟೇದೇ ಎದುರಿಗೆ ಇಟ್ಟು, ಮನೇಲಿ ಹುಟ್ಟಿದ್ದು ಅಂತ ಬರೆದಿರ್ಬೇಕು. ಅಲ್ಲೀವರೆಗೂ ಬೆಳೆಸ್ತಾನೇ ಇರ್ತೀನಿ."

ನಮ್ಮ ಟಿಪ್ಪಣಿ ಪುಸ್ತಕ, ಲೇಖನಿ, ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿ ಹೆಗಲಿಗೇರಿಸಿದ್ದಾಯಿತು. ಇನ್ನೊಂದು ಊರು, ಇನ್ನೊಂದು ಬಾಗಿಲು ಕಾದಿದೆ. ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅತ್ತೆಯ ದನಿ ಕೇಳುತ್ತದೆ:

"ಬಾಗಿಲು ಮೆಲ್ಲಗೆ ಹಾಕ್ಕೊಂಡು ಹೋಗಿ! ಗಂಡು ಮೀನು ಮೊಟ್ಟೆ ಕಾಯ್ತಿದೆ. ನನ್ನ ಮಗನ ಥರ ಅಲ್ಲ ಅದು, ಸದ್ದಾದ್ರೆ ಎಚ್ಚರ ಆಗುತ್ತೆ."